ನಮ್ಮವರದು ಡೈರಿ ಕೆಲಸ

ಸತ್ಯನಾರಾಯಣನ ಪೂಜೆಗೇ ಸುಳ್ಳು ಹಾಲು ಕೊಟ್ಟವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ತಲೆಯ ಮೇಲಿರುವ ಫೋಟೋವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ.

ಹಾಲೇನೋ ಅಸಲಿಯೇ. ಒಮಾನಿನ ಸೊಹಾರಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿರುವ ಸೂಪರ್‌ಮಾರ್ಕೆಟ್ಟಿನಲ್ಲಿ ಕೊಂಡದ್ದು. ಫುಲ್ ಕ್ರೀಮ್. ಬಾಟಲಿಗಳ ಮುಚ್ಚಳ ತೆಗೆದು ಎಲ್ಲವನ್ನೂ ಸ್ಟೀಲ್ ಕ್ಯಾನಿಗೆ ಸುರಿದೆ. ಖಾಲಿ ಬಾಟಲಿಗಳನ್ನು ಕಪ್ಪು ಚೀಲದಲ್ಲಿ ಕಟ್ಟಿ, ನಮ್ಮ ಬಿಲ್ಡಿಂಗಿನದು ಬಿಟ್ಟು ಪಕ್ಕದ ಬಿಲ್ಡಿಂಗಿನ ಕಸದ ಡಬ್ಬಿಗೆ ಹಾಕಿ ಬಂದೆ (ಕಳ್ಳರಿಗೂ ಇಷ್ಟು ಮುಂದಾಲೋಚನೆ ಇರುವುದಿಲ್ಲ). ಕ್ಯಾನ್ ಹಿಡಿದು ಪೂಜೆಯ ಮನೆಗೆ ಕಾಲಿಟ್ಟದ್ದೇ ತಡ, 'ಫಾರ್ಮಿನ ಹಾಲು ಬಂತು' ಎಂದು ಹೆಂಗಸರೆಲ್ಲ ಸಂಭ್ರಮಿಸಿದರು. ಪಂಚಾಮೃತ ಬಾಯಿಗೆ ಬಿಟ್ಟುಕೊಂಡ ಒಬ್ಬರು, 'ಅಂಗಡಿ ಹಾಲಿಗೆ ಈ ರುಚಿ ಎಲ್ಲಿಂದ ಬರಬೇಕು?' ಎಂದರು.

ನಾನು ನಕ್ಕೆ. ಅದು ಎಂಥ ನಗು ಎಂದು ಮಾತ್ರ ಕೇಳಬೇಡಿ.

ಇಷ್ಟೆಲ್ಲ ಯಾಕೆ ಬೇಕಿತ್ತು? ಹೇಳುತ್ತೇನೆ. ಹೇಳಲೇಬೇಕು. ಕಳೆದ ವಾರ ನಡೆದದ್ದನ್ನು ಬರೆಯಬೇಕಾದರೆ ಇದನ್ನು ಹೇಳದೆ ಗತಿಯಿಲ್ಲ.

ನಮ್ಮವರು ಧಾರವಾಡದ ಕಡೆಯವರು, ಜಾನುವಾರು ತಳಿ ವಿಜ್ಞಾನ ಓದಿದವರು. ಪಕ್ಕದ ಊರು ಸಹಮ್‌ನಿಂದ ಒಳಗೆ, ಗುಡ್ಡಗಳ ದಿಕ್ಕಿಗೆ ಹೋದರೆ ಸಿಗುವ ಒಂದು ಫಾರ್ಮಿನಲ್ಲಿ ಕೆಲಸ. ನಾವು ಒಮಾನಿಗೆ ಬಂದಾಗ ಅದು ಡೈರಿಯೇ ಆಗಿತ್ತು. ಕಪ್ಪು ಬಿಳುಪಿನ ಹಸುಗಳು, ಹಾಲಿನ ಟ್ಯಾಂಕರು, ಎಲ್ಲ ಇತ್ತು. ಆಗ ನಾನು ನಿಜವಾದ ಹಾಲನ್ನೇ ಹಂಚಿದ್ದೇನೆ. ದೀಪಾವಳಿ ಪಾಡ್ಯಕ್ಕೆ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಕೂರಿಸುತ್ತಾರಲ್ಲ, ಆ ಸಗಣಿ ಸೊಹಾರಿನ ಕನ್ನಡದ ಮನೆಗಳಿಗೆ ಹೋಗುತ್ತಿದ್ದದ್ದು ನನ್ನ ಕೈಯಿಂದಲೇ. ಐಸ್‌ಕ್ರೀಮಿನ ಖಾಲಿ ಡಬ್ಬಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು. ಪರದೇಶದಲ್ಲಿ ಸಗಣಿ ಸಿಗುವ ಮನೆ ಎಂದರೆ ಏನು ಗೌರವ ಅಂತೀರಿ! ಹೊಸದಾಗಿ ಬಂದವರಿಗೆ ನನ್ನನ್ನು ಪರಿಚಯಿಸುತ್ತಿದ್ದದ್ದೇ ಹಾಗೆ: 'ಇವರ ಮನೆಯವರದು ಡೈರಿ.'

ಆಮೇಲೆ ಎಣ್ಣೆ ಬೆಲೆ ಬಿತ್ತು. ಅದು ಬಿದ್ದರೆ ಇಲ್ಲಿ ಎಲ್ಲವೂ ಬೀಳುತ್ತದೆ. ಬಂದರಿನ ಕಡೆಯ ಕಂಪನಿಗಳಲ್ಲಿ ಓವರ್‌ಟೈಮ್ ನಿಂತಿತು, ಮನೆ ಖಾಲಿ ಮಾಡುವವರ ವಾಷಿಂಗ್ ಮಷೀನುಗಳ ಫೋಟೋಗಳಿಂದ ವಾಟ್ಸಾಪ್ ತುಂಬಿತು. ಫಾರ್ಮಿನ ಯಜಮಾನರು (ಅಂದರೆ ನಮ್ಮವರಿಗೆ ವೀಸಾ ಕೊಟ್ಟ ಕಫೀಲ್) ಲೆಕ್ಕ ಹಾಕಿ ನೋಡಿದರು. ಬೇಸಿಗೆಯಲ್ಲಿ ಹಾಲಿನ ಹಸುಗಳಿಗೆ ಫ್ಯಾನು ಬೇಕು, ತುಂತುರು ನೀರು ಬೇಕು, ಹಡಗಿನಲ್ಲಿ ಬಂದ ಮೇವು ಬೇಕು. ಆಗುವುದಿಲ್ಲ ಎಂದರು. ಹಸುಗಳನ್ನು ಮಾರಿ, ಬಿಸಿಲು ತಡೆಯುವ ಡುಬ್ಬದ ದನಗಳನ್ನು ತಂದರು. ಹಾಲಿಗಲ್ಲ, ಮಾಂಸಕ್ಕೆ.

ನಮ್ಮವರಿಗೆ ಇದ್ದದ್ದು ಎರಡೇ ದಾರಿ. ಹೊಸ ದನಗಳ ಜೊತೆ ಉಳಿಯುವುದು, ಇಲ್ಲವೇ ಊರಿಗೆ ಟಿಕೆಟ್ ತೆಗೆಸುವುದು. ಉಳಿದರು. ಫಾರ್ಮು ಬದಲಾಯಿತು, ನಾನು ಹೇಳುವುದು ಮಾತ್ರ ಬದಲಾಗಲಿಲ್ಲ. ನಮ್ಮದು ಮೊಟ್ಟೆಯೂ ಬಾರದ ಮನೆ. ಬೀಫ್ ಎಂಬ ಪದವನ್ನು ನಾಲಿಗೆಯ ಮೇಲೆ ತರುವುದು ಹೇಗೆ? ಊರಿನಲ್ಲಿ ಅತ್ತೆಯವರ ಕಿವಿಗೆ ಬಿದ್ದರೆ? ಇಲ್ಲಿನ ಕನ್ನಡ ಸಂಘದ ಹೆಂಗಸರು ನನ್ನ ಕೈಯ ಪ್ರಸಾದ ಮುಟ್ಟದಿದ್ದರೆ?

ನಮ್ಮವರಿಗೆ ಸಂಕಟವಾಗಲಿಲ್ಲ ಅಂತಲ್ಲ. ಮೊದಮೊದಲು ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು, ದೇವರ ಮುಂದೆ ನಿಲ್ಲುತ್ತಿರಲಿಲ್ಲ. ನಾನು ಒಮ್ಮೆ ಸಮಾಧಾನಕ್ಕೆಂದು, 'ನೀವೇನು ಕಡಿಯುತ್ತೀರಾ?' ಅಂದೆ. ಅವರು, 'ನಾ ಕಡಿಯಾಂವಲ್ಲ ಖರೆ. ಆದ್ರ ಎಲ್ಲಿಗೆ ಹೋಗ್ತಾವ ಅಂತ ಗೊತ್ತದಲ್ಲ. ಗೊತ್ತಿಲ್ಲ ಅಂದ್ರ ಅದೊಂದು ಸುಳ್ಳ ಆಗ್ತದ' ಎಂದರು. ಅವರು ತಮಗೆ ತಾವೇ ಸುಳ್ಳು ಹೇಳಿಕೊಳ್ಳಲಿಲ್ಲ. ಆ ಇಲಾಖೆಯನ್ನು ನಾನೇ ವಹಿಸಿಕೊಂಡಿದ್ದೆ.

ಬರಬರುತ್ತ ಅವರಿಗೆ ಆ ಕೆಲಸ ಹಿಡಿಸಿತು. ಅದಕ್ಕೆ ಕಾರಣ ಜೀನೋಮಿಕ್ ಟೆಸ್ಟ್. ಹೆದರಬೇಡಿ, ಊಟದ ತಟ್ಟೆಯ ಮುಂದೆ ನನಗೆ ಅರ್ಥವಾದಷ್ಟನ್ನೇ ನಿಮಗೂ ಹೇಳುತ್ತೇನೆ. ಕರುವಿನ ಕಿವಿಯ ತುದಿಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು, ಪುಟ್ಟ ಬಾಟಲಿಗೆ ಹಾಕಿ, ಹೊರದೇಶದ ಲ್ಯಾಬಿಗೆ ಕಳಿಸುತ್ತಾರೆ. ಅವರು ಅದರ ಜೀನುಗಳನ್ನು ಓದಿ ಹೇಳುತ್ತಾರೆ: ಇದು ಕಡಿಮೆ ತಿಂದು ಚೆನ್ನಾಗಿ ಬೆಳೆಯುವ ಜಾತಿಯದೋ, ಇದರ ಕರುಗಳು ಹೆರಿಗೆಯಲ್ಲಿ ತಾಯಿಗೆ ಕಷ್ಟ ಕೊಡುತ್ತವೋ, ಮಾಂಸ ಹೇಗಿರುತ್ತದೆ, ಸ್ವಭಾವ ಹೇಗೆ. ಮೊದಲು ಇದನ್ನೆಲ್ಲ ತಿಳಿಯಬೇಕಾದರೆ ಕರು ದೊಡ್ಡದಾಗಿ, ಅದಕ್ಕೆ ಕರುಗಳಾಗಿ, ಅವು ಬೆಳೆಯುವ ತನಕ ಕಾಯಬೇಕಿತ್ತು. ಈಗ ಯಾವುದನ್ನು ತಳಿಗೆ ಇಟ್ಟುಕೊಳ್ಳಬೇಕು, ಯಾವ ಹೋರಿಗೆ ಯಾವ ಹಸು ಎಂದು ಕರು ಇದ್ದಾಗಲೇ ಯೋಚಿಸಬಹುದು. (ನಮ್ಮ ಮದುವೆ ಬ್ರೋಕರುಗಳ ಕೈಗೆ ಇದು ಸಿಕ್ಕರೆ ಏನು ಗತಿ?)

'ಇದು ಜ್ಯೋತಿಷ್ಯ ಅಲ್ಲ, ಅಂದಾಜು' ಎಂದು ನಮ್ಮವರು ಮತ್ತೆ ಮತ್ತೆ ಹೇಳುತ್ತಿದ್ದರು. 'ಬ್ಯಾರೆ ದೇಶದ ದನಾ ನೋಡಿ ಮಾಡಿದ ಲೆಕ್ಕ ಇದು. ನಮ್ಮ ಮಿಶ್ರ ತಳಿಗೆ ಪೂರಾ ಹೊಂದೂದಿಲ್ಲ. ತೂಕಾನೂ ನೋಡಬೇಕು, ತಾಯೀನೂ ನೋಡಬೇಕು. ಬರೇ ರೂಪಾ ನೋಡಿ ಆರಿಸೂದಕ್ಕಿಂತ ಎಷ್ಟೋ ವಾಸಿ, ಅಷ್ಟ.'

ರೂಪ ಎಂದಾಗ ಯಜಮಾನರ ಹೋರಿಯ ವಿಷಯ ಹೇಳಲೇಬೇಕು. ಈ ಕರಾವಳಿಯಲ್ಲಿ ಹೋರಿಗಳ ಕಾದಾಟದ ಹುಚ್ಚು ಬಹಳ. ಯಜಮಾನರ ಹತ್ತಿರ ಒಂದು ಹೋರಿ ಇತ್ತು. ಕರ್ರಗೆ ಮಿಂಚುವ ಮೈ, ಆನೆಯಂಥ ಕತ್ತು. ಕಣಕ್ಕಿಳಿದರೆ ಎದುರಿನದು ಹಿಂದೆ ಸರಿಯಲೇಬೇಕು. ಫಾರ್ಮಿನ ಅಷ್ಟೂ ಹಸುಗಳಿಗೆ ಇದೇ ಅಪ್ಪನಾಗಬೇಕು ಎಂಬುದು ಅವರ ಆಸೆ. ಟೆಸ್ಟ್ ಬೇರೆಯೇ ಹೇಳಿತು. ಈ ವೀರನ ಕರುಗಳು ಬಹಳ ತಿನ್ನುತ್ತವೆ, ಬೆಳೆಯುವುದು ನಿಧಾನ, ಹುಟ್ಟುವಾಗ ತಾಯಿಯ ಜೀವ ಹಿಂಡುತ್ತವೆ. ಹಿಂದೆ ಹುಟ್ಟಿದ್ದ ಕರುಗಳ ಕಥೆಯೂ ಹಾಗೇ ಇತ್ತು. ಅದೇ ಕೊಟ್ಟಿಗೆಯ ಮೂಲೆಯಲ್ಲಿ, ಯಾರೂ ತಿರುಗಿ ನೋಡದ ಒಂದು ಬೂದು ಹೋರಿ ಎಲ್ಲದರಲ್ಲೂ ಮುಂದೆ.

ನಮ್ಮವರು ಇದನ್ನು ಹೇಳಬೇಕಾಗಿ ಬಂದದ್ದು ಯಜಮಾನರ ಮಜ್ಲಿಸ್‌ನಲ್ಲಿ, ಅಂದರೆ ಗಂಡಸರ ಬೈಠಕ್ಕಿನ ಕೋಣೆಯಲ್ಲಿ, ಅವರ ಅಣ್ಣತಮ್ಮಂದಿರು ಖರ್ಜೂರ ತಿನ್ನುತ್ತ ಕೂತಿರುವಾಗ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಹೇಳಿದರಂತೆ. ಯಜಮಾನರು ಕಾಫಿ ಬಟ್ಟಲನ್ನು ಬರಿದು ಮಾಡಿದರು. ಆಮೇಲೆ ನಕ್ಕು, ಎಲ್ಲರಿಗೂ ಕೇಳುವ ಹಾಗೆ ಅಂದರು: 'ಖಲಾಸ್! ಯೇ ಲಡೇಗಾ, ವೋ ಬಾಪ್ ಬನೇಗಾ.' ಕರಿಯ ಕಾದಾಡಲಿ, ಬೂದು ಬಣ್ಣದವನು ಅಪ್ಪನಾಗಲಿ. ತಮ್ಮ ಮೆಚ್ಚಿನ ಹೋರಿ ಕೆಲಸಕ್ಕೆ ಬಾರದ್ದು ಎಂದು ತಮ್ಮವರ ಎದುರೇ ಒಪ್ಪಿಕೊಂಡು ಆ ಮನುಷ್ಯ ಇನ್ನೊಂದು ಖರ್ಜೂರ ತಿಂದರು.

ಇದನ್ನು ಹೇಳುವಾಗ ನಮ್ಮವರ ಮುಖ ಅರಳಿತ್ತು. ನನಗೆ ಆ ಸಂತೋಷದಲ್ಲಿ ಪಾಲು ತೆಗೆದುಕೊಳ್ಳಲು ಆಗಲಿಲ್ಲ. ಈ ಸಂಗತಿಯನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಡೈರಿಯಲ್ಲಿ ಮಾಂಸದ ಪರೀಕ್ಷೆ ಯಾಕೆ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ?

ಇನ್ನು ವನಿತಾಳ ವಿಷಯ.

ವನಿತಾ ಉಡುಪಿ ಕಡೆಯ ತುಳು ಮನೆಯವಳು. ನಮ್ಮ ಬಿಲ್ಡಿಂಗಿನಲ್ಲೇ ಮೇಲಿನ ಫ್ಲೋರು. ನನ್ನನ್ನು ಅಕ್ಕ ಅಂತಿದ್ದಳು. ನನಗೆ ಜ್ವರ ಬಂದಾಗ ಗಂಜಿ ತಂದವಳು, ನಮ್ಮ ಮಗಳ ಜಡೆಗೆ ಮಲ್ಲಿಗೆ ಹೊಂದಿಸಿ ಕೊಟ್ಟವಳು. ಅವಳ ಗಂಡ ಜಯಕರ್ ಬಂದರಿನ ಕಡೆಯ ಒಂದು ಕಂಪನಿಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನವಿಡೀ ಸ್ಯಾಂಪಲ್ ಬಾಟಲಿಗಳಿಗೆ ಬಾರ್‌ಕೋಡ್ ಅಂಟಿಸಿ, ಒಂದೂ ಅದಲುಬದಲಾಗದ ಹಾಗೆ ನೋಡಿಕೊಳ್ಳುವ ಕೆಲಸ.

ಕಳೆದ ದೀಪಾವಳಿಗೆ ವನಿತಾ ನನ್ನನ್ನು ಹಿಡಿದುಕೊಂಡಳು. 'ನಿಮಗೆ ಸಗಣಿ ಆಯ್ತು ಅಕ್ಕ, ನಮಗೆ ಗೋಪೂಜೆಗೆ ದನವೇ ಬೇಕಲ್ಲ? ಒಮ್ಮೆ ಡೈರಿಗೆ ಕರ್ಕೊಂಡು ಹೋಗಿ ಮಾರಾಯ್ರೆ.' ಉಳಿದ ಹೆಂಗಸರೂ ಸೇರಿಕೊಂಡರು. ನಾನು ಇಲ್ಲ ಅನ್ನಲು ಒಂದು ನೆವವನ್ನೂ ಹುಡುಕಲಾರದೆ ಹೂಂ ಅಂದೆ. ಮನೆಗೆ ಬಂದು ಹೇಳಿದಾಗ ನಮ್ಮವರು, 'ಬ್ಯಾಡ. ಈಗರೆ ಹೇಳಿಬಿಡು' ಅಂದರು. ಕೈ ಮುಗಿದೆ. ನನಗಾಗಿ ಒಪ್ಪಿದರು.

ಹಬ್ಬದ ದಿನ ಫಾರ್ಮಿನ ಗೇಟಿನ ಹತ್ತಿರವೇ ಒಂದು ಸಾಧು ಹಸುವನ್ನು ಕರುವಿನ ಜೊತೆ ಕಟ್ಟಿಸಿದ್ದರು, ಒಳಗೆ ಯಾರೂ ಹೋಗದ ಹಾಗೆ. ಡುಬ್ಬ, ಜೋಲು ಗಂಗೆದೊಗಲು, ಉದ್ದ ಕಿವಿ. ಹೆಂಗಸರು ಕುಂಕುಮ ಹಚ್ಚಿದರು, ಮಾಲೆ ಹಾಕಿದರು, ದೋಸೆ ಬಾಳೆಹಣ್ಣು ತಿನ್ನಿಸಿದರು. 'ನಮ್ಮೂರ ದನದ ಹಾಗೇ ಉಂಟಲ್ವಾ!' ಎಂದರು ಒಬ್ಬರು. ನಮ್ಮವರು, 'ಇವುಗಳ ಹಿಂದಿನವು ನಮ್ಮ ದೇಶದಿಂದನ ಹೋದವು' ಅಂದರು. ಅದೂ ನಿಜವೇ. ನಮ್ಮ ಕಡೆಯ ದನಗಳನ್ನು ಒಯ್ದು, ಬೇರೆ ದೇಶದಲ್ಲಿ ಮಾಂಸದ ತಳಿ ಮಾಡಿ, ಈಗ ಇಲ್ಲಿಗೆ ತಂದದ್ದು. ಅಷ್ಟನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ.

'ಎಷ್ಟು ಲೀಟರ್ ಕೊಡ್ತದೆ ಅಣ್ಣ?' ಎಂದು ಇನ್ನೊಬ್ಬರು ಕೇಳಿದರು.

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, 'ಕರುವಿಗೆ ಸಾಕಾಗುವಷ್ಟು' ಎಂದರು. ಎಲ್ಲರೂ ಅದನ್ನು ಅವರ ದೊಡ್ಡ ಮನಸ್ಸು ಎಂದುಕೊಂಡು ತಲೆದೂಗಿದರು. ವನಿತಾ ಹಸುವಿನ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದವಳು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದಳು. ಭಕ್ತಿ ಅಂದುಕೊಂಡೆ.

ಈ ವರ್ಷದ ಆರಂಭದಲ್ಲಿ ಜಯಕರ್‌ಗೆ ನೋಟಿಸ್ ಬಂತು. ಕಂಪನಿಯವರು ಒಂದು ಉಪಕಾರ ಮಾಡಿದರು. ಇಷ್ಟು ದಿನದೊಳಗೆ ಬೇರೆ ಕಡೆ ಕೆಲಸ ಸಿಕ್ಕರೆ ಎನ್‌ಒಸಿ, ಅಂದರೆ ಕಂಪನಿ ಬದಲಿಸಲು ಒಪ್ಪಿಗೆ ಪತ್ರ, ಕೊಡುತ್ತೇವೆ ಎಂದರು. ಇಲ್ಲಿ ಅದು ಸಣ್ಣ ಮಾತಲ್ಲ. ಆ ಕಾಗದ ಇಲ್ಲದೆ ಹೋದವನು ಬೇಕೆಂದಾಗ ವಾಪಸ್ ಬರುವ ಹಾಗಿಲ್ಲ. ಜಯಕರ್ ಸೊಹಾರಿನಿಂದ ಮಸ್ಕತ್ತಿನ ವಾದಿ ಕಬೀರ್ ತನಕ ಅಲೆದರು. ಎಲ್ಲ ಕಡೆಯೂ ಜನರನ್ನು ತೆಗೆಯುತ್ತಿದ್ದರೇ ಹೊರತು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಒಬ್ಬರನ್ನು ಬಿಟ್ಟು.

ಅದೇ ದಿನಗಳಲ್ಲಿ ನಮ್ಮವರು ಊಟಕ್ಕೆ ಕೂತು, 'ಕಿವಿ ಸ್ಯಾಂಪಲ್ ಒಬ್ಬನ ಕೈಲೆ ಸಂಭಾಳಿಸಾಕ ಆಗವಲ್ದು' ಅಂದರು. 'ಟ್ಯಾಗ್ ಒಂದು, ಬಾಟ್ಲಿ ಒಂದು ಆದ್ರ ಮುಗೀತು. ಒಳ್ಳೇದು ಕಡಿಯಾಕ ಹೋಗ್ತದ, ಕೆಟ್ಟದ್ದು ತಳಿಗೆ ಉಳೀತದ. ಯಜಮಾನ್ರು ಒಬ್ಬ ಲ್ಯಾಬ್ ಟೆಕ್ನಿಷಿಯನ್ ತಗೋ ಅಂದಾರ. ನಿಮ್ಮ ಸಂಘದಾಗ ಯಾರರ ಅದಾರೇನು?'

ನನ್ನ ಕೈಯಲ್ಲಿ ಅನ್ನದ ಸೌಟು ಇತ್ತು. ಜಯಕರ್ ಹೆಸರು ಗಂಟಲಿನ ತನಕ ಬಂತು. ದೇವರಾಣೆ ಬಂತು. ಅದರ ಹಿಂದೆಯೇ ಸ್ಟೀಲ್ ಕ್ಯಾನು ಬಂತು, ಪಂಚಾಮೃತ ಬಂತು, ಗೋಪೂಜೆಯ ಮಾಲೆ ಬಂತು. ಜಯಕರ್ ಅಲ್ಲಿ ಸೇರಿದ ಮರುದಿನವೇ ವನಿತಾಗೆ ಗೊತ್ತಾಗುತ್ತದೆ, ವಾರದೊಳಗೆ ಸಂಘಕ್ಕೆಲ್ಲ.

'ಯಾರೂ ಇಲ್ಲ' ಅಂದೆ. ಅಂದು, ಅನ್ನ ಬಡಿಸಿದೆ.

ಕಳೆದ ವಾರ ಅವರು ಹೊರಟರು. ಎನ್‌ಒಸಿಯ ಗಡುವು ಮುಗಿದಿತ್ತು. ಬೀಳ್ಕೊಡಲು ಹೋದಾಗ ವನಿತಾಳ ಮನೆ ಅರ್ಧ ಖಾಲಿ. ಪರದೆ ಇಲ್ಲದ ಕಿಟಕಿಗಳು, ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳು. ನನಗಾಗಿ ತುಳಸಿ ಕುಂಡವನ್ನು ಬಾಗಿಲಿನ ಹತ್ತಿರವೇ ಇಟ್ಟಿದ್ದಳು. ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ?

'ಏನು ಮಾಡೋದು ವನಿತಾ, ಡೈರಿಯಲ್ಲೂ ಈಗ ಏನೂ ಇಲ್ಲ' ಎಂದೆ.

ಅವಳು ಪಾತ್ರೆಗೆ ಪೇಪರ್ ಸುತ್ತುತ್ತಿದ್ದಳು. ತಲೆ ಎತ್ತದೆ ಕೇಳಿದಳು: 'ಅದು ಡೈರಿ ಅಲ್ಲ ಅಲ್ವಾ ಅಕ್ಕ?'

ನಾನು ತುಳಸಿಯ ಒಣ ಎಲೆ ಚಿವುಟತೊಡಗಿದೆ.

'ದೀಪಾವಳಿಗೆ ನೋಡಿದೆನಲ್ಲ. ಮದುವೆಗೆ ಮೊದಲು ಮನೆಯಲ್ಲಿ ದಿನಾ ಹಾಲು ಕರೆದವಳು ನಾನು. ಅಷ್ಟು ದೊಡ್ಡ ದನಕ್ಕೆ ಮುಷ್ಟಿಯಷ್ಟು ಕೆಚ್ಚಲು. ಹಾಲಿಗೆ ಅಂತ ಅದನ್ನು ಯಾರು ಸಾಕ್ತಾರೆ?'

'ಮತ್ತೆ ಯಾಕೆ ಕೇಳಲಿಲ್ಲ?'

'ನೀವು ಮುಚ್ಚಿಟ್ಟದ್ದನ್ನು ನಾನು ತೆಗೆದು ನೋಡುದು ಹೇಗೆ ಅಕ್ಕ?' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. 'ಅಲ್ಲಿ ಲ್ಯಾಬಿಗೆ ಜನ ಬೇಕು ಅಂತ ಇವರಿಗೆ ಗೊತ್ತಿತ್ತು. ಸಹಮ್‌ನ ಅಂಗಡಿಯಲ್ಲಿ ಯಾರೋ ಹೇಳಿದ್ರು. ಹೋಗಿ ಕೇಳುವ ಅಂದೆ. ಇವರು ಒಪ್ಪಲಿಲ್ಲ. ಅಕ್ಕ ದಿನಾ ನಮ್ಮನ್ನು ನೋಡ್ತಾರೆ, ಒಂದು ಮಾತು ಹೇಳಲಿಲ್ಲ ಅಂದ್ರೆ ನಾವು ಅಲ್ಲಿಗೆ ಹೋಗುದು ಅವರಿಗೆ ಬೇಡ ಅಂತಲೇ ಅರ್ಥ, ಅಂದ್ರು. ನೀವಾಗಿ ಹೇಳ್ತೀರಿ ಅಂತ ನಾನು ಕಾದೆ.'

'ಆ ಕೆಲಸ... ದನದ್ದು... ನಿಮಗೆ ಪರವಾಗಿರಲಿಲ್ಲವಾ?' ಎಂದೆ.

'ಸಂಕಟ ಆಗ್ತಿತ್ತು. ಆಗುದಿಲ್ಲ ಅಂದ್ರೆ ಸುಳ್ಳು. ಮಕ್ಕಳನ್ನು ಶಾಲೆಯಿಂದ ನಡುವಲ್ಲಿ ಬಿಡಿಸುವಾಗ ಆಗುದಿಲ್ವಾ ಸಂಕಟ?'

ತುಳಸಿ ಕುಂಡ ಹೊತ್ತುಕೊಂಡು ಮೆಟ್ಟಿಲಿಳಿದೆ. ಲಿಫ್ಟಿನಲ್ಲಿ ಕನ್ನಡಿ ಇದೆ, ಅದಕ್ಕೇ ಮೆಟ್ಟಿಲು.

ಅವತ್ತು ನಮ್ಮವರಿಗೆ ಎಲ್ಲ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. 'ಜಯಕರ್? ಮ್ಯಾಲಿನ ಮನಿ ಜಯಕರ್? ಅಂವಾ ಲ್ಯಾಬಿನಾಂವ ಏನು?' ನಮ್ಮವರಿಗೆ ಅದು ಗೊತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆ ಫಾರ್ಮಿಗೆ ಹೋಗುವ ಮನುಷ್ಯನಿಗೆ ಮೇಲಿನ ಫ್ಲೋರಿನವರು ಏನು ಮಾಡುತ್ತಾರೆ ಎಂದು ತಿಳಿಸಬೇಕಾದವಳು ನಾನೇ ಅಲ್ಲವೇ? ಆ ಜಾಗಕ್ಕೆ ಹಿಂದಿನ ತಿಂಗಳಷ್ಟೇ ಬೇರೆ ಯಾರನ್ನೋ ತೆಗೆದುಕೊಂಡಾಗಿತ್ತು.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ತಟ್ಟೆ ಬದಿಗೆ ಸರಿಸಿ ಇಷ್ಟೇ ಅಂದರು: 'ನನ್ನ ಕೆಲಸದ್ದು ನಿನಗ ನಾಚಿಕಿ ಅದ ಅಂತ ನನಗ ಮೊದಲಿಂದ ಗೊತ್ತದ. ಅದನ್ನ ನಾ ನುಂಗಿಕೊಂಡಿದ್ದೆ. ಅಂವಾ ಯಾಕ ನುಂಗಬೇಕಿತ್ತು?'

ನನಗೆ ನಾಚಿಕೆಯಾಗುತ್ತಿದೆ. ಇದನ್ನು ಬರೆಯುವಾಗಲೂ ಆಗುತ್ತಿದೆ. ಗಂಡನ ಕೆಲಸದ ನಾಚಿಕೆ ಎಂದೋ ಎಲ್ಲೋ ಕರಗಿಹೋಗಿದೆ, ಈಗ ಹುಡುಕಿದರೂ ಸಿಗುತ್ತಿಲ್ಲ. ಉಳಿದಿರುವುದು ಅದನ್ನು ಮುಚ್ಚಲು ನಾನು ಮಾಡಿದ್ದರದು. ಮಾಂಸದ ದನಗಳ ನಡುವೆ ದುಡಿಯುವುದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಆ ಪ್ರಶ್ನೆಯನ್ನು ಜಯಕರ್ ಮುಂದಿಟ್ಟಿದ್ದರೆ ಅವರು ತಮ್ಮ ಉತ್ತರ ತಾವು ಹೇಳುತ್ತಿದ್ದರು. ಬೇಡ ಎನ್ನುತ್ತಿದ್ದರೋ ಏನೋ. ನಾನು ಕೇಳುವ ಮೊದಲೇ ಅವರ ಪರವಾಗಿ ಉತ್ತರ ಕೊಟ್ಟುಬಿಟ್ಟೆ. ಹೋರಿಯ ಭವಿಷ್ಯ ನಿರ್ಧರಿಸುವ ಮುಂಚೆಯೂ ಅದರ ಕಿವಿಯ ಒಂದು ಚೂರನ್ನಾದರೂ ತೆಗೆದು ಕೇಳುತ್ತಾರಲ್ಲ!

ಮೊನ್ನೆ ಶುಕ್ರವಾರ ಸಂಘದ ಊಟವಿತ್ತು. ಬಿಜಾಪುರ ಕಡೆಯಿಂದ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ನನ್ನ ಪಕ್ಕ ಕೂತಳು. ಎಂದಿನ ಪ್ರಶ್ನೆ: 'ನಿಮ್ಮ ಮನಿಯವ್ರು ಏನ್ ಮಾಡ್ತಾರ್ರಿ?' ಎದುರಿನ ಸಾಲಿನ ಹೆಂಗಸರು ನನ್ನ ಪರವಾಗಿ ಉತ್ತರಿಸಲು ಬಾಯಿ ತೆರೆಯುತ್ತಿದ್ದರು. ನಾನೇ ಮುಂದಾದೆ. 'ಬೀಫ್ ಫಾರ್ಮಿನಲ್ಲಿದ್ದಾರೆ. ಯಾವ ದನವನ್ನು ತಳಿಗೆ ಇಟ್ಟುಕೊಳ್ಳಬೇಕು ಅಂತ ಟೆಸ್ಟ್ ಮಾಡಿಸಿ ಹೇಳುವ ಕೆಲಸ. ಡೈರಿ ಮುಚ್ಚಿ ಬಹಳ ದಿನ ಆಯಿತು.' ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಎದುರಿನ ಸಾಲಿನಲ್ಲಿ ಒಬ್ಬರು ನೀರಿನ ಲೋಟ ಕೆಳಗಿಟ್ಟರು. ಇನ್ನೊಬ್ಬರು ಪಕ್ಕದವರ ಕಡೆ ತಿರುಗಿದರು. ಅವರು ಏನು ಮಾತಾಡಿಕೊಂಡರೋ, ಮಾತಾಡಿಕೊಳ್ಳಲಿ.

ಬಿಜಾಪುರದವಳು ಬೀಫ್ ಎಂಬ ಪದವನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ನನ್ನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದಳು: 'ಅಕ್ಕಾರ, ನಮ್ಮವ್ರ ಕಂಪನಿಯೊಳಗ ಮಂದೀನ್ನ ತಗೀಲಿಕತ್ತಾರ್ರಿ. ಅಲ್ಲಿ ಏನರ ಕೆಲಸ ಅದ ಏನ್ರಿ?'

'ಇತ್ತು' ಎಂದೆ. 'ಹೋದ ತಿಂಗಳ ತನಕ ಇತ್ತು.'

ಇಷ್ಟು ಸುಲಭದ ಪ್ರಶ್ನೆಯನ್ನು ವನಿತಾ ಕೇಳಲಾರದ ಹಾಗೆ ಮಾಡಿದವಳು ಯಾರು?